ಮಳೆ ಬಂದ ಮೇಲೆ ಕೈತಪ್ಪಿದ ಹೊಲ

ಪ್ರಶ್ನೆ: ನಾನು ಅರಸೀಕೆರೆ ತಾಲ್ಲೂಕಿನ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಬರ ಮತ್ತು ಗ್ರಾಮೀಣ ಬಡತನದ ಪಾಠ ಮುಗಿಸಿದ ವಾರ ವಿದ್ಯಾರ್ಥಿಗಳಿಗೆ ಬಿಮಲ್ ರಾಯ್ ಅವರ ‘ದೋ ಬಿಘಾ ಜಮೀನ್’ ಚಿತ್ರವನ್ನು ತೋರಿಸಿದೆ. ಚಿತ್ರ ಮುಗಿದ ಮೇಲೆ ಮೂರು ಪ್ರಶ್ನೆಗಳು ಬಂದವು. ಮೊದಲನೆಯದು, ‘ಇದನ್ನು ಬರದ ಸಿನಿಮಾ ಎಂದಿರಿ, ಆದರೆ ಆರಂಭದಲ್ಲೇ ಮಳೆ ಬರುತ್ತದಲ್ಲ, ಬರ ಎಲ್ಲಿದೆ?’ ಎರಡನೆಯದು, ‘ಜಮೀನ್ದಾರನೇ ಕೇಳಿದಾಗ ಮಾರಿ, ಸಾಲ ತೀರಿಸಿ, ಬೇರೆ ಕೆಲಸ ನೋಡಿಕೊಳ್ಳಬಹುದಿತ್ತಲ್ಲ?’ ಮೂರನೆಯದು, ‘ಇದು ಇಟಲಿಯ ಚಿತ್ರವೊಂದರ ನಕಲಂತೆ, ಹೌದೇ?’ ನಾನು ಕೊಟ್ಟ ಉತ್ತರಗಳು ನನಗೇ ಸಮಾಧಾನ ತರಲಿಲ್ಲ. ದಯವಿಟ್ಟು ವಿವರಿಸಿ.

ಉತ್ತರ: ನಿಮ್ಮ ವಿದ್ಯಾರ್ಥಿ ಕೇಳಿದ ಮೊದಲ ಪ್ರಶ್ನೆ ಬಹಳ ಸೂಕ್ಷ್ಮವಾದದ್ದು. ಈ ಚಿತ್ರದ ಬಗ್ಗೆ ಬರೆದವರಲ್ಲಿ ಅನೇಕರು ಅದನ್ನು ಬರ, ಬಡತನ, ಕಣ್ಣೀರು ಎಂಬ ಮೂರು ಪದಗಳಲ್ಲಿ ಕಟ್ಟಿ ಮುಂದೆ ಹೋಗಿಬಿಡುತ್ತಾರೆ. ಆದರೆ ಬರ ಮುಗಿಯುವಲ್ಲಿಂದ ಈ ಚಿತ್ರ ಆರಂಭವಾಗುತ್ತದೆ. ಬಿರಿದ ನೆಲದ ಮೇಲೆ ಮೋಡ ಕಟ್ಟುತ್ತದೆ, ಮಳೆ ಸುರಿಯುತ್ತದೆ, ಊರಿನವರೆಲ್ಲ ಹಾಡಿ ಕುಣಿಯುತ್ತಾರೆ; ಶಂಭು ಮಹತೋ ಮತ್ತು ಅವನ ಹೆಂಡತಿ ಪಾರ್ವತಿ ಇನ್ನು ಕಷ್ಟ ಕಳೆಯಿತು ಎಂದೇ ನಂಬುತ್ತಾರೆ. ಹೊಲ ಕೈತಪ್ಪುವುದು ಅದಾದ ಮೇಲೆ, ಅಂದರೆ ಹಸಿರು ಮೂಡುವ ಹೊತ್ತಿನಲ್ಲಿ. ನಿರ್ದೇಶಕರು ಮರೆತು ಮಾಡಿದ ತಪ್ಪು ಇದಲ್ಲ. ನನ್ನ ಅಭಿಪ್ರಾಯದಲ್ಲಿ ಇಡೀ ಚಿತ್ರದ ವಾದವೇ ಈ ಕ್ರಮದಲ್ಲಿದೆ: ಬರ ರೈತನ ಹೆಸರನ್ನು ಸಾಲದ ಪುಸ್ತಕಕ್ಕೆ ಸೇರಿಸುತ್ತದೆ, ಹೊಲವನ್ನು ಕಸಿದುಕೊಳ್ಳುವುದು ಆ ಪುಸ್ತಕ.

ಕಥೆಯ ಎಳೆಯನ್ನು ಹಿಡಿದು ನೋಡೋಣ. ಜಮೀನ್ದಾರ ಹರನಾಮ್ ಸಿಂಗ್ ಪಟ್ಟಣದ ಬಂಡವಾಳಗಾರರ ಜೊತೆ ಸೇರಿ ಊರಿನಲ್ಲಿ ಗಿರಣಿ ಕಟ್ಟಿಸಲು ಒಪ್ಪಂದ ಮಾಡಿಕೊಂಡಿದ್ದಾನೆ. ಅದಕ್ಕೆ ಬೇಕಾದ ವಿಶಾಲ ಜಾಗದ ನಡುವೆ ಶಂಭುವಿನ ಎರಡು ಬಿಘಾ ಹೊಲ, ಅಂದರೆ ಒಂದು ಎಕರೆಗೂ ಕಡಿಮೆಯ ತುಂಡು, ಸಿಕ್ಕಿಕೊಂಡಿದೆ. ಶಂಭು ಮಾರಲು ಒಪ್ಪುವುದಿಲ್ಲ. ಭೂಮಿ ತಾಯಿ, ತಾಯಿಯನ್ನು ಮಾರುವುದು ಹೇಗೆ ಎಂಬುದು ಅವನ ಮಾತು. ಆಗ ಜಮೀನ್ದಾರ ಹಳೆಯ ಸಾಲವನ್ನು ಮರುದಿನವೇ ತೀರಿಸು ಎನ್ನುತ್ತಾನೆ. ಗಮನಿಸಿ, ಬರ ಇದ್ದಷ್ಟು ದಿನ ಆ ಸಾಲವನ್ನು ಯಾರೂ ಕೇಳಿರಲಿಲ್ಲ. ಸಾಲ ಕೊಟ್ಟವನಿಗೆ ಹಣ ಬೇಕಿರಲಿಲ್ಲ, ಬೇಕೆಂದಾಗ ಹಿಡಿದೆಳೆಯಲು ಒಂದು ಹಗ್ಗ ಬೇಕಿತ್ತು. ಮಳೆ ಇನ್ನೊಂದು ವರ್ಷ ಕೈಕೊಟ್ಟಿದ್ದರೂ, ಹತ್ತು ವರ್ಷ ಸತತವಾಗಿ ಬಂದಿದ್ದರೂ, ಗಿರಣಿಯ ಮಾತು ಬಂದ ದಿನ ಆ ಹಗ್ಗ ಬಿಗಿಯಾಗಿಯೇ ಬಿಗಿಯುತ್ತಿತ್ತು.

ಈಗ ಲೆಕ್ಕಕ್ಕೆ ಬರೋಣ, ಏಕೆಂದರೆ ಅರ್ಥಶಾಸ್ತ್ರದ ತರಗತಿಗೆ ಈ ಚಿತ್ರದಲ್ಲಿ ಇದಕ್ಕಿಂತ ಒಳ್ಳೆಯ ಭಾಗ ಇನ್ನೊಂದಿಲ್ಲ. ಶಂಭುವಿನ ಲೆಕ್ಕದಲ್ಲಿ ಅವನು ಕೊಡಬೇಕಾದದ್ದು 65 ರೂಪಾಯಿ. ಮನೆಯ ಪಾತ್ರೆಪಡಗ, ಹೆಂಡತಿಯ ಓಲೆ, ಮಾರಬಹುದಾದ ಎಲ್ಲವನ್ನೂ ಮಾರಿ ಆ 65 ರೂಪಾಯಿಯನ್ನು ಹೊಂದಿಸಿಕೊಂಡು ಹೋದರೆ, ಜಮೀನ್ದಾರನ ಪುಸ್ತಕದಲ್ಲಿ ಬಾಕಿ 235 ರೂಪಾಯಿ ಎಂದಿರುತ್ತದೆ. ನಿಮ್ಮ ವಿದ್ಯಾರ್ಥಿಗಳಿಗೆ ಇದನ್ನು ಬೋರ್ಡಿನ ಮೇಲೆ ಮಾಡಿ ತೋರಿಸಿ. ನಮ್ಮ ಕಡೆ ಕೈಸಾಲಕ್ಕೆ ಇಂದಿಗೂ ಬಳಕೆಯಲ್ಲಿರುವ ‘ನೂರಕ್ಕೆ ಮೂರು ರೂಪಾಯಿ ಬಡ್ಡಿ’, ಅಂದರೆ ತಿಂಗಳಿಗೆ ಶೇಕಡ 3, ವರ್ಷಕ್ಕೆ ಶೇಕಡ 36 ಎಂಬ ದರವನ್ನೇ ಹಿಡಿಯಿರಿ. ಬಡ್ಡಿಯನ್ನು ವರ್ಷಕ್ಕೊಮ್ಮೆ ಅಸಲಿಗೆ ಸೇರಿಸುತ್ತ ಹೋದರೆ 65 ರೂಪಾಯಿ ಮೊದಲ ವರ್ಷಕ್ಕೆ 88 ದಾಟುತ್ತದೆ, ಎರಡನೆಯ ವರ್ಷಕ್ಕೆ 120, ಮೂರನೆಯ ವರ್ಷಕ್ಕೆ 163, ನಾಲ್ಕನೆಯ ವರ್ಷಕ್ಕೆ 222. ಐದನೆಯ ವರ್ಷದ ಮೊದಲ ಕೆಲವು ತಿಂಗಳಲ್ಲೇ 235 ತುಂಬುತ್ತದೆ. ಅಂದರೆ ಸಿನಿಮಾದ ಮೊತ್ತ ನೋಡುಗರನ್ನು ಬೆಚ್ಚಿಬೀಳಿಸಲು ಹಿಗ್ಗಿಸಿದ ಸಂಖ್ಯೆಯಲ್ಲ. ಬಾಣಾವರದ ಕಡೆಯ ಯಾವುದೇ ಹಳ್ಳಿಯ ಜಗಲಿಯ ಮೇಲೆ ಕುಳಿತ ಹಿರಿಯರು ಆ ಲೆಕ್ಕವನ್ನು ಬೆರಳ ಮೇಲೆಯೇ ಮಾಡಿಯಾರು.

ಆದರೆ ಚಿತ್ರದಲ್ಲಿ ನಡೆಯುವುದು ಬರಿಯ ಚಕ್ರಬಡ್ಡಿಯೂ ಅಲ್ಲ. ಶಂಭು ಸಾಲದ ಒಂದಷ್ಟು ಭಾಗವನ್ನು ಜಮೀನ್ದಾರನ ಮನೆಯಲ್ಲಿ ದುಡಿದೇ ತೀರಿಸಿದ್ದಾನೆ, ಅದಕ್ಕೆ ರಶೀದಿ ಇಲ್ಲ. ಪುಸ್ತಕದಲ್ಲಿ ಅವನು ಒತ್ತದ ಹೆಬ್ಬೆಟ್ಟುಗಳಿವೆ. ಇಲ್ಲಿ ಎರಡು ಬೇರೆ ಬೇರೆ ಅನ್ಯಾಯಗಳಿವೆ, ತರಗತಿಯಲ್ಲಿ ಅವನ್ನು ಬಿಡಿಸಿ ಹೇಳುವುದು ಒಳ್ಳೆಯದು. ಕಳ್ಳ ಹೆಬ್ಬೆಟ್ಟು ವಂಚನೆ. ಅದು ಸಿಕ್ಕಿಬಿದ್ದರೆ ಶಿಕ್ಷೆಯಾಗಬಹುದು. ದುಡಿಮೆಯನ್ನು ಜಮಾ ಮಾಡದೇ ಇರುವುದು ಅದಕ್ಕಿಂತ ಆಳವಾದ ಮಾತು, ಏಕೆಂದರೆ ಅಲ್ಲಿ ಯಾರೂ ಏನನ್ನೂ ತಿದ್ದಬೇಕಾಗಿಲ್ಲ. ಧಣಿಯ ಮನೆಯಲ್ಲಿ ಮಾಡಿದ ಕೆಲಸವನ್ನು ಕೆಲಸವೆಂದು ಬರೆಯುವ ಪದ್ಧತಿಯೇ ಇಲ್ಲ. ಕೊಟ್ಟದ್ದಕ್ಕೆ ಕಾಗದವಿದೆ, ಸಂದದ್ದಕ್ಕೆ ಕಾಗದವಿಲ್ಲ. ನನ್ನ ತಾತನ ಕಾಲದ ಒಂದು ತಗಡಿನ ಪೆಟ್ಟಿಗೆ ನಮ್ಮ ಮನೆಯಲ್ಲಿ ಬಹಳ ವರ್ಷ ಇತ್ತು. ಅದರಲ್ಲಿ ಭೋಗ್ಯದ ಪತ್ರಗಳಿದ್ದವು, ಪ್ರೋನೋಟುಗಳಿದ್ದವು, ಯಾರೋ ಹಣ ಕಟ್ಟಿದರು ಎಂದು ಬರೆದುಕೊಟ್ಟ ಒಂದು ಚೀಟಿಯೂ ಇರಲಿಲ್ಲ. ನಮ್ಮದು ಸಾಲ ಕೊಟ್ಟವರ ಮನೆ ಎಂಬುದನ್ನು ಇಲ್ಲಿ ಹೇಳಿಬಿಡುವುದು ನ್ಯಾಯ.

ಮುಂದೆ ಕಚೇರಿಯ ದೃಶ್ಯ. ನ್ಯಾಯಾಲಯ ಪುಸ್ತಕವನ್ನು ನಂಬುತ್ತದೆ, ಮೂರು ತಿಂಗಳೊಳಗೆ 235 ರೂಪಾಯಿ ಕಟ್ಟಬೇಕು, ತಪ್ಪಿದರೆ ಹೊಲ ಹರಾಜು ಎಂದು ತೀರ್ಪಾಗುತ್ತದೆ. ಈ ದೃಶ್ಯ ಚಿಕ್ಕದು, ಆದರೆ ಅದರ ಹಿಂದೆ ದೀರ್ಘವಾದ ಕಾನೂನಿನ ಚರಿತ್ರೆಯಿದೆ. 1875ರಲ್ಲಿ ಪುಣೆ ಮತ್ತು ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಕಸಿದು ಸುಟ್ಟರು. ದಖ್ಖನ್ ದಂಗೆ ಎಂದು ಅದನ್ನು ಕರೆಯುತ್ತಾರೆ. ಅವರು ದವಸದ ಕಣಜಕ್ಕಿಂತ ಮೊದಲು ಕಾಗದವನ್ನು ಹುಡುಕಿದ್ದರು ಎಂಬುದು ನಮ್ಮ ವಿಷಯಕ್ಕೆ ಬಹಳ ಮುಖ್ಯ. ಅದರ ಪರಿಣಾಮವಾಗಿ 1879ರಲ್ಲಿ ಬಂದ ದಖ್ಖನ್ ಕೃಷಿಕರ ಪರಿಹಾರ ಕಾಯಿದೆಯು ಪತ್ರದಲ್ಲಿ ಬರೆದ ಮೊತ್ತವನ್ನೇ ಕೊನೆಯ ಮಾತೆಂದು ಒಪ್ಪದೆ, ವ್ಯವಹಾರವನ್ನು ಮೊದಲಿನಿಂದ ಬಿಚ್ಚಿ ನೋಡುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿತು. ಮೈಸೂರು ಸಂಸ್ಥಾನವೂ 1928ರಲ್ಲಿ ಕೃಷಿಕರ ಪರಿಹಾರ ಕಾಯಿದೆಯನ್ನು ತಂದಿತು. ನಮ್ಮ ಹಾಸನ, ಕಡೂರು ಭಾಗದಲ್ಲಿ ಬಂಗಾಳ, ಬಿಹಾರಗಳಂತಹ ಜಮೀನ್ದಾರಿ ಇರಲಿಲ್ಲ, ರೈತನೇ ಸರ್ಕಾರಕ್ಕೆ ಕಂದಾಯ ಕಟ್ಟುತ್ತಿದ್ದ. ಆದ್ದರಿಂದ ಇಲ್ಲಿ ಹೊಲ ಹೋದದ್ದು ಜಮೀನ್ದಾರನ ಕೈಗಲ್ಲ, ಸಾಹುಕಾರನ ಕೈಗೆ ಅಥವಾ ಪಕ್ಕದ ದೊಡ್ಡ ಹಿಡುವಳಿದಾರನ ಕೈಗೆ. ಬಡ್ಡಿ ಅಸಲನ್ನು ಮೀರಬಾರದು ಎಂಬ ಹಳೆಯ ಧರ್ಮಶಾಸ್ತ್ರದ ನಿಯಮವೂ ಒಂದಿತ್ತು. ಅದನ್ನು ಅನ್ವಯಿಸಿದ್ದರೂ ಶಂಭುವಿನ ಬಾಕಿ 130 ರೂಪಾಯಿಯನ್ನು ದಾಟುವಂತಿರಲಿಲ್ಲ. ಕಾನೂನು ಇರಲಿಲ್ಲ ಎನ್ನುವುದಕ್ಕಿಂತ, ಇದ್ದ ಕಾನೂನನ್ನು ಕೇಳಿ ಪಡೆಯುವ ಅಕ್ಷರ ಮತ್ತು ವಕೀಲ ಅವನಿಗಿರಲಿಲ್ಲ ಎನ್ನುವುದು ಸರಿ.

ಚಿತ್ರ ತೆರೆಕಂಡದ್ದು 1953ರಲ್ಲಿ. ಪಶ್ಚಿಮ ಬಂಗಾಳದಲ್ಲಿ ಜಮೀನ್ದಾರಿಯನ್ನು ಕೊನೆಗಾಣಿಸುವ ಕಾಯಿದೆ ಬಂದದ್ದೂ ಅದೇ ವರ್ಷ, ಬಿಹಾರದ್ದು 1950ರಲ್ಲೇ ಬಂದಿತ್ತು. ಜಮೀನ್ದಾರ ಇನ್ನು ಹೋಗುತ್ತಾನೆ ಎಂದು ದೇಶ ಸಂಭ್ರಮಿಸುತ್ತಿದ್ದ ಹೊತ್ತಿನಲ್ಲಿ, ಅವನು ಹೋಗುವುದಿಲ್ಲ, ಗಿರಣಿಯ ಪಾಲುದಾರನಾಗುತ್ತಾನೆ ಎಂದು ಈ ಚಿತ್ರ ತೋರಿಸಿತು. ಇದನ್ನು ಹೇಳಿದ ಬಿಮಲ್ ರಾಯ್ ಸ್ವತಃ ಢಾಕಾ ಸೀಮೆಯ ಜಮೀನ್ದಾರಿ ಮನೆತನದಲ್ಲಿ ಹುಟ್ಟಿದವರು.

ಬರವನ್ನೇ ನೇರವಾಗಿ ವಿಷಯವಾಗಿಸಿಕೊಂಡ ಚಿತ್ರ ನಿಮಗೆ ಬೇಕಿದ್ದರೆ, ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಎಂ.ಎಸ್. ಸತ್ಯು ಅವರು ಕನ್ನಡದಲ್ಲಿ ಮಾಡಿದ ‘ಬರ’ವನ್ನು ಇದರ ಜೊತೆ ತೋರಿಸಬಹುದು. ಅನಂತನಾಗ್ ಅದರಲ್ಲಿ ಜಿಲ್ಲಾಧಿಕಾರಿ. ಅಲ್ಲಿನ ಪ್ರಶ್ನೆ ಬರ ಇದೆಯೇ ಇಲ್ಲವೇ ಎಂಬುದಲ್ಲ, ಬರ ಇದೆ ಎಂದು ಘೋಷಿಸುವವರು ಯಾರು, ಘೋಷಣೆಯಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬುದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿದ್ದನ್ನು ಕಂಡ ನಿಮ್ಮ ವಿದ್ಯಾರ್ಥಿಗಳಿಗೆ ಆ ಚಿತ್ರ ಬೇಗ ಅರ್ಥವಾಗುತ್ತದೆ.

ಈ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ನಿಮ್ಮ ಪಾಠಕ್ಕೆ ಬೇಕಾದ ತಾತ್ವಿಕ ಎಳೆಯೂ ಸಿಗುತ್ತದೆ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರು 1981ರಲ್ಲಿ ಪ್ರಕಟವಾದ ತಮ್ಮ ಕ್ಷಾಮದ ಅಧ್ಯಯನದಲ್ಲಿ, 1943ರ ಬಂಗಾಳದ ಕ್ಷಾಮಕ್ಕೆ ಧಾನ್ಯದ ಕೊರತೆಯೊಂದೇ ಕಾರಣವಲ್ಲ, ಕೂಲಿಕಾರರು ಮತ್ತು ಬಡವರು ಧಾನ್ಯವನ್ನು ಪಡೆಯುವ ಶಕ್ತಿಯನ್ನೇ ಕಳೆದುಕೊಂಡದ್ದು ಕಾರಣ ಎಂದು ವಾದಿಸಿದರು. ಅದೇ ಕ್ಷಾಮದ ಬಗ್ಗೆ ಕೆ.ಎ. ಅಬ್ಬಾಸ್ ಅವರು 1946ರಲ್ಲಿ ಮಾಡಿದ ಚಿತ್ರದಲ್ಲಿ ಬಲರಾಜ್ ಸಾಹ್ನಿ ನಟಿಸಿದ್ದರು. ಏಳು ವರ್ಷದ ನಂತರ ಶಂಭುವಾದವರೂ ಅವರೇ. ಕಡೂರು, ಅರಸೀಕೆರೆಗಳ ಮಟ್ಟಿಗೆ ಈ ವಾದವನ್ನು ಪರೀಕ್ಷಿಸಲು ಪುಸ್ತಕ ಬೇಕಾಗಿಲ್ಲ. ಮುಳ್ಳಯ್ಯನಗಿರಿಯ ಸಾಲು ಮೋಡವನ್ನು ತಡೆದು ತನ್ನ ಪಡುವಣಕ್ಕೆ ಸುರಿಸಿಕೊಳ್ಳುತ್ತದೆ. ಮೂಡಣದ ಯಗಟಿ, ಪಂಚನಹಳ್ಳಿ, ಜಾವಗಲ್‌ಗಳಿಗೆ ಉಳಿದದ್ದು ಮಳೆನೆರಳು. ಮಳೆ ಕಡಿಮೆಯಾದ ವರ್ಷ ರಾಗಿ ಒಣಗುವುದು ಎಲ್ಲರ ಹೊಲದಲ್ಲೂ ಒಂದೇ ರೀತಿ. ಆದರೆ ಮೂರು ಕೊಳವೆಬಾವಿ ಕೊರೆಸಿ ಮೂರೂ ವಿಫಲವಾದ ಮೇಲೆ ನಾಲ್ಕನೆಯದಕ್ಕೆ ಹಣ ಹೊಂದಿಸಬಲ್ಲವನ ತೆಂಗು ಉಳಿಯುತ್ತದೆ, ಮೊದಲನೆಯದಕ್ಕೇ ಬಡ್ಡಿ ಹಣ ತಂದವನ ತೋಟ ನುಸಿ, ಕಪ್ಪುತಲೆ ಹುಳುವಿನ ಪಾಲಾಗಿ ಮಾರಾಟಕ್ಕೆ ಬರುತ್ತದೆ. ಮುಗಿಲು ಇಬ್ಬರ ಮೇಲೂ ಒಂದೇ ಆಗಿತ್ತು.

ಎರಡನೆಯ ಪ್ರಶ್ನೆ, ಅಂದರೆ ಮಾರಬಾರದಿತ್ತೇ ಎಂಬುದು, ಇಂದಿನ ಹುಡುಗರು ಕೇಳಲೇಬೇಕಾದ ಪ್ರಶ್ನೆ, ಅದನ್ನು ಭೂಮಿ ತಾಯಿ ಎಂಬ ಭಾವುಕ ಉತ್ತರದಿಂದ ಮುಚ್ಚಿಹಾಕಬೇಡಿ. ಮೊದಲು ಅಳತೆಯನ್ನು ಸರಿಪಡಿಸಿಕೊಳ್ಳಿ. ಇಂಗ್ಲಿಷಿನಲ್ಲಿ ಈ ಚಿತ್ರದ ಹೆಸರನ್ನು ಎರಡು ಎಕರೆ ಎಂದು ಅನುವಾದಿಸುವುದುಂಟು, ಅದು ತಪ್ಪು. ಬಿಘಾದ ಅಳತೆ ಸೀಮೆಯಿಂದ ಸೀಮೆಗೆ ಬದಲಾಗುತ್ತದೆ, ಬಂಗಾಳದ ಬಿಘಾ ಎಕರೆಯ ಮೂರನೇ ಒಂದು ಭಾಗ. ಹಾಗಾಗಿ ಎರಡು ಬಿಘಾ ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 26 ಗುಂಟೆ. ಇಪ್ಪತ್ತಾರು ಗುಂಟೆ ಖುಷ್ಕಿ ಹೊಲದ ಬೆಲೆ ಎಷ್ಟಿದ್ದೀತು? ಹೊಲವೆಂದು ಅಳೆದರೆ ಬಹಳ ಕಡಿಮೆ. ಆದರೆ ಗಿರಣಿಯ ಜಾಗದ ನಡುವಿನ ತುಂಡೆಂದು ಅಳೆದರೆ ಅದಿಲ್ಲದೆ ಇಡೀ ಯೋಜನೆಯೇ ನಿಲ್ಲುತ್ತದೆ. ಸ್ವತಂತ್ರವಾಗಿ ಚೌಕಾಸಿ ಮಾಡುವ ಸ್ಥಿತಿಯಲ್ಲಿ ಶಂಭು ಇದ್ದಿದ್ದರೆ ಅವನು ಕೇಳಿದಷ್ಟನ್ನು ಜಮೀನ್ದಾರ ಕೊಡಬೇಕಾಗುತ್ತಿತ್ತು. ಸಾಲದ ಪುಸ್ತಕದ ಕೆಲಸವೇ ಇದು: ಎರಡನೆಯ ಬೆಲೆಯನ್ನು ಮಾತಿಗೇ ತರದಂತೆ ನೋಡಿಕೊಂಡು, ಮೊದಲನೆಯ ಬೆಲೆಗಿಂತಲೂ ಕೆಳಗೆ ಹರಾಜಿನಲ್ಲಿ ಹಿಡಿಯುವುದು. ಮಾರಿದ್ದರೂ ಶಂಭುವಿಗೆ ಸಿಗುತ್ತಿದ್ದದ್ದು ಜಮೀನ್ದಾರ ಹೇಳಿದ ಬೆಲೆಯಲ್ಲಿ ಜಮೀನ್ದಾರ ಹೇಳಿದ ಸಾಲವನ್ನು ಕಳೆದು ಉಳಿದದ್ದು.

ನಂತರ ಬೇರೆ ಕೆಲಸ ನೋಡಿಕೊಳ್ಳುವ ಮಾತು. ಚಿತ್ರದ ಎರಡನೇ ಭಾಗ ಪೂರ್ತಿ ಅದಕ್ಕೇ ಮೀಸಲು. ಶಂಭು ರೈಲು ಹತ್ತಿ ಕಲ್ಕತ್ತೆಗೆ ಹೋಗುತ್ತಾನೆ, ಮಗ ಕನ್ಹಯ್ಯ ತಿಳಿಸದೆ ಅದೇ ರೈಲಿನಲ್ಲಿ ಸೇರಿಕೊಳ್ಳುತ್ತಾನೆ. ಅರಸೀಕೆರೆ ಜಂಕ್ಷನ್ನಿನ ಪ್ಲಾಟ್‌ಫಾರಂನಲ್ಲಿ ಬೆಂಗಳೂರಿನ ರೈಲಿಗೆ ಗಂಟು ಮೂಟೆ ಹಿಡಿದು ಕಾದವರನ್ನು ನೋಡುತ್ತಲೇ ಬೆಳೆದ ಮಕ್ಕಳಿಗೆ ಇದನ್ನು ನಾನು ವಿವರಿಸಬೇಕಿಲ್ಲ. ಮೊದಲ ರಾತ್ರಿಯೇ ಇದ್ದದ್ದೆಲ್ಲ ಕಳುವಾಗುತ್ತದೆ. ಮೂಟೆ ಹೊರುತ್ತಾನೆ, ಆಮೇಲೆ ಕೈಗಾಡಿ ರಿಕ್ಷಾ ಎಳೆಯುತ್ತಾನೆ. ಮಗ ಬೂಟು ಪಾಲಿಶ್ ಮಾಡುತ್ತಾನೆ. ಆ ರಿಕ್ಷಾವೂ ಶಂಭುವಿನದಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ತೋರಿಸಿ. ಊರಿನಲ್ಲಿ ಕನಿಷ್ಠ 26 ಗುಂಟೆಯ ಒಡೆಯನಾಗಿದ್ದವನು ಪಟ್ಟಣದಲ್ಲಿ ತನ್ನ ಎರಡು ಕಾಲುಗಳನ್ನು ಬಿಟ್ಟು ಬೇರೆ ಯಾವುದಕ್ಕೂ ಒಡೆಯನಲ್ಲ. ಹೆಚ್ಚು ಕಾಸಿನ ಆಸೆ ತೋರಿಸಿ ಇನ್ನೂ ವೇಗ, ಇನ್ನೂ ವೇಗ ಎಂದು ಸವಾರನೊಬ್ಬ ಅವನನ್ನು ಓಡಿಸುವ, ಕೊನೆಗೆ ಚಕ್ರ ಕಳಚಿ ಅವನು ಉರುಳುವ ದೃಶ್ಯವನ್ನು ಒಮ್ಮೆ ಮಾತು ನಿಲ್ಲಿಸಿ ನೋಡಿ. ಹೊಲ ಕೊಡುವಷ್ಟು ಸಂಬಳವನ್ನು ಯಾವ ಪಟ್ಟಣವೂ ಕೊಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ, ಇಂದು ಅನೇಕ ಪಟ್ಟಣಗಳು ಅದಕ್ಕಿಂತ ಹೆಚ್ಚು ಕೊಡುತ್ತವೆ. ಹೊಲ ಕಳೆದುಕೊಂಡು ಹೋದವನು ಮತ್ತು ಹೊಲ ಇಟ್ಟುಕೊಂಡು ಹೋದವನು ಒಂದೇ ಕೂಲಿಯನ್ನು ಬೇರೆ ಬೇರೆ ಧೈರ್ಯದಿಂದ ಕೇಳುತ್ತಾರೆ ಎನ್ನುತ್ತಿದ್ದೇನೆ.

ಈ ಪ್ರಶ್ನೆಯನ್ನು ನಮ್ಮ ಕಾಲಕ್ಕೆ ತರಲು ಮೂರು ಇಸವಿಗಳು ಸಾಕು. ದೇವರಾಜ ಅರಸು ಅವರ ಸರ್ಕಾರ ಭೂಸುಧಾರಣಾ ಕಾಯಿದೆಗೆ ತಂದ 1974ರ ತಿದ್ದುಪಡಿ ಗೇಣಿದಾರರನ್ನು ಉಳುವ ಭೂಮಿಯ ಒಡೆಯರನ್ನಾಗಿ ಮಾಡಿತು, 1976ರ ಋಣ ಪರಿಹಾರ ಕಾಯಿದೆ ಸಣ್ಣ ರೈತರ ಮತ್ತು ಕೂಲಿಕಾರರ ಖಾಸಗಿ ಸಾಲವನ್ನು ಮನ್ನಾ ಮಾಡಿತು. 2020ರ ತಿದ್ದುಪಡಿಯು ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ, ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಲು ಹಾದಿ ಮಾಡಿತು. ಈ 2020ರ ತಿದ್ದುಪಡಿಯನ್ನು ಸಮರ್ಥಿಸುವವರು ನಿಮ್ಮ ವಿದ್ಯಾರ್ಥಿಯ ಮಾತನ್ನೇ ಆಡುತ್ತಾರೆ: ರೈತನಿಗೆ ಒಳ್ಳೆಯ ಬೆಲೆ ಸಿಗಲಿ. ಮಾರುವವನ ಹೆಸರಿನಲ್ಲಿ ತೀರದ ಸಾಲ ಇಲ್ಲದಿದ್ದರೆ ಅದು ಸರಿಯಾದ ಮಾತು.

ಮೂರನೆಯ ಪ್ರಶ್ನೆಗೆ ದೀರ್ಘ ಉತ್ತರ ಬೇಕಿಲ್ಲ. 1952ರಲ್ಲಿ ಮುಂಬಯಿಯಲ್ಲಿ ಭಾರತದ ಮೊದಲ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ನಡೆದಾಗ ಇಟಲಿಯ ನಿರ್ದೇಶಕ ಡಿ ಸಿಕಾ ಅವರ 1948ರ ‘ಬೈಸಿಕಲ್ ಥೀವ್ಸ್’ ಪ್ರದರ್ಶನಗೊಂಡಿತು. ಬಿಮಲ್ ರಾಯ್ ಮತ್ತು ಅವರ ತಂಡ ಅದನ್ನು ನೋಡಿ ಪ್ರಭಾವಿತರಾದದ್ದು ನಿಜ. ಅಪ್ಪ ಮಗ ಬೀದಿಯಲ್ಲಿ ಅಲೆಯುವುದು, ಸ್ಟುಡಿಯೋ ಬಿಟ್ಟು ನಿಜವಾದ ರಸ್ತೆಯಲ್ಲಿ ಚಿತ್ರೀಕರಿಸುವುದು ಅಲ್ಲಿಂದ ಬಂದ ಧೈರ್ಯ. ಆದರೆ ಕಥೆ ಸಲೀಲ್ ಚೌಧುರಿಯವರದು, ಸಂಗೀತವೂ ಅವರದೇ. ಚಿತ್ರಕಥೆ ಮತ್ತು ಸಂಕಲನ ಹೃಷೀಕೇಶ್ ಮುಖರ್ಜಿಯವರದು. ಶೀರ್ಷಿಕೆ ರವೀಂದ್ರನಾಥ ಠಾಕೂರರ ಒಂದು ಬಂಗಾಳಿ ಕವನದ್ದು. ಇಟಲಿಯ ಚಿತ್ರದಲ್ಲಿ ಸೈಕಲ್ಲನ್ನು ಕದ್ದವನು ಕಳ್ಳ, ಅವನು ಓಡಿಹೋಗುತ್ತಾನೆ. ಇಲ್ಲಿ ಕದ್ದವನು ಕಚೇರಿಯಲ್ಲಿ ಕುಳಿತಿದ್ದಾನೆ, ಅವನನ್ನು ಯಾರೂ ಅಟ್ಟುವುದಿಲ್ಲ.

ಚಿತ್ರದ ದೌರ್ಬಲ್ಯವನ್ನೂ ಹೇಳಿಬಿಡುತ್ತೇನೆ. ಗಂಡನನ್ನು ಹುಡುಕಿಕೊಂಡು ಬಂದ ಪಾರ್ವತಿ ಮೋಟಾರಿಗೆ ಸಿಕ್ಕುವುದು, ಅವಳನ್ನು ಆಸ್ಪತ್ರೆಗೆ ಸಾಗಿಸಲು ಕರೆದ ರಿಕ್ಷಾ ಶಂಭುವಿನದೇ ಆಗಿರುವುದು, ಇವೆಲ್ಲ ಕಾಕತಾಳೀಯಗಳ ಸರಮಾಲೆ. ನಿಮ್ಮ ತರಗತಿಯಲ್ಲಿ ಯಾರಾದರೂ ಇಲ್ಲಿ ನಕ್ಕಿದ್ದರೆ ಅವರನ್ನು ಗದರಬೇಡಿ. ಮೊದಲಾರ್ಧದಲ್ಲಿ ಲೆಕ್ಕದಿಂದ ನಡೆದ ಕಥೆ ಕೊನೆಯ ಭಾಗದಲ್ಲಿ ವಿಧಿಯಿಂದ ನಡೆಯಲು ತೊಡಗುತ್ತದೆ, ಅದು ನಷ್ಟವೇ. ಅದನ್ನು ಬಹುಮಟ್ಟಿಗೆ ಹಿಡಿದು ನಿಲ್ಲಿಸುವುದು ಸಾಹ್ನಿಯವರ ಮೈ. ಲಾಹೋರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ, ಶಾಂತಿನಿಕೇತನದಲ್ಲಿ ಪಾಠ ಹೇಳಿ, ಲಂಡನ್ನಿನ ಬಿಬಿಸಿಯಲ್ಲಿ ಕೆಲಸ ಮಾಡಿದ್ದ ಈ ಮನುಷ್ಯ ರೈತನಂತೆ ಕಾಣುವುದಿಲ್ಲವೆಂದು ನಿರ್ದೇಶಕರಿಗೆ ಮೊದಲು ಅನುಮಾನವಿತ್ತಂತೆ. ಮುಂಬಯಿಯ ಜೋಗೇಶ್ವರಿಯಲ್ಲಿದ್ದ ಉತ್ತರ ಭಾರತದ ಹಾಲು ಮಾರುವವರ ನಡುವೆ ಓಡಾಡಿ ಅವರ ನಡೆ, ಕೂರುವ ರೀತಿ, ತಲೆಗೆ ವಸ್ತ್ರ ಸುತ್ತುವ ರೀತಿಯನ್ನು ಕಲಿತರು. ಕಲ್ಕತ್ತೆಯಲ್ಲಿ ಒಬ್ಬ ರಿಕ್ಷಾದವನಿಗೆ ಚಿತ್ರದ ಕಥೆ ಹೇಳಿದಾಗ ಅವನು ಇದು ನನ್ನದೇ ಕಥೆ ಎಂದು ಅತ್ತನೆಂದು ಅವರು ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಅವನ ಹೊಲವೂ ಜಮೀನ್ದಾರನಲ್ಲಿ ಅಡವಾಗಿತ್ತು. 1954ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಚಿತ್ರಕ್ಕೆ ಅಂತರರಾಷ್ಟ್ರೀಯ ಪುರಸ್ಕಾರ ದೊರೆಯಿತು, ಅದೇ ವರ್ಷ ಆರಂಭವಾದ ಫಿಲ್ಮ್‌ಫೇರ್ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರ ಮತ್ತು ನಿರ್ದೇಶನದ ಮೊದಲ ಪ್ರಶಸ್ತಿಗಳೂ ಅದಕ್ಕೇ ಸಂದವು.

ಮುಂದಿನ ವರ್ಷ ಮತ್ತೆ ತೋರಿಸುವುದಾದರೆ ಒಂದು ಸಲಹೆ. 235 ರೂಪಾಯಿಯ ದೃಶ್ಯ ಬಂದಲ್ಲಿ ಚಿತ್ರವನ್ನು ನಿಲ್ಲಿಸಿ, ವಿದ್ಯಾರ್ಥಿಗಳಿಂದಲೇ ಬಡ್ಡಿ ಲೆಕ್ಕ ಮಾಡಿಸಿ, ಶಂಭುವಿನ ದುಡಿಮೆಗೆ ಅಂದಿನ ಕೂಲಿ ಕಟ್ಟಿದ್ದರೆ ಬಾಕಿ ಎಷ್ಟಾಗುತ್ತಿತ್ತು ಎಂದು ಅವರೇ ಊಹಿಸಲಿ. ಠಾಕೂರರ ಕವನವನ್ನೂ ಕೊನೆಯ ದೃಶ್ಯಕ್ಕೆ ಮುನ್ನ ಹೇಳಿಬಿಡಿ. ಅದರಲ್ಲಿ ಜಮೀನ್ದಾರ ತನ್ನ ತೋಟವನ್ನು ಚೌಕವಾಗಿಸಲು ಉಪೇನನ ಎರಡು ಬಿಘಾವನ್ನು ಸುಳ್ಳು ಸಾಲದ ಡಿಕ್ರಿಯಿಂದ, ಅಂದರೆ ನ್ಯಾಯಾಲಯದ ಆದೇಶದಿಂದ, ಕಿತ್ತುಕೊಳ್ಳುತ್ತಾನೆ. ವರ್ಷಗಳ ಅಲೆದಾಟದ ಬಳಿಕ ಉಪೇನ ಮರಳಿ ಬಂದು ತನ್ನದೇ ಹಳೆಯ ಮಾವಿನ ಮರದಡಿ ಕುಳಿತಾಗ ಮಡಿಲಿಗೆ ಎರಡು ಹಣ್ಣು ಬೀಳುತ್ತವೆ, ಅವನು ಕಳ್ಳನಾಗುತ್ತಾನೆ. ಚಿತ್ರದಲ್ಲಿ ಮರವಿಲ್ಲ. ಗಿರಣಿ ಏಳುತ್ತಿದೆ, ಸುತ್ತ ಬೇಲಿ ಹಾಕಿದ್ದಾರೆ. ಶಂಭು ಬೇಲಿಯ ಒಳಗೆ ಕೈಚಾಚಿ ಒಂದು ಹಿಡಿ ಮಣ್ಣು ತೆಗೆದುಕೊಳ್ಳುತ್ತಾನೆ, ಕಾವಲುಗಾರ ಏನು ಕದಿಯುತ್ತಿದ್ದೀಯ ಎಂದು ಗದರುತ್ತಾನೆ, ಶಂಭು ಮುಷ್ಟಿ ಬಿಚ್ಚಿ ತೋರಿಸುತ್ತಾನೆ.